ಇಳಿಯದ ಬೆಲೆ, ನಡೆಯದ ಕ್ರಯ

2016ನೆಯ ಇಸವಿಯ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಗಳ ನೋಟುಗಳು ರದ್ದಾದ ತರುವಾಯ ಮೈಸೂರಿನ ನಿವೇಶನಗಳ ವ್ಯಾಪಾರಕ್ಕೆ ಯಾವ ಗತಿ ಒದಗಿತೆಂಬುದನ್ನು ಬರೆಯುವ ಹೊಣೆಯು, ಅಲ್ಲಿಯ ದಿನಪತ್ರಿಕೆಯೊಂದರಲ್ಲಿ ವರದಿಗಾರನಾಗಿದ್ದ ನನ್ನ ಪಾಲಿಗೆ ಬಂದಿತು. ಬಡಾವಣೆಗಳ ಮಾಲೀಕರು ನಾಲ್ವರನ್ನೂ ದಲ್ಲಾಳಿಗಳಿಬ್ಬರನ್ನೂ ಕಂಡು, ಮೂವತ್ತು-ನಲವತ್ತರ ಸೈಟಿಗೆ ಈಗೇನು ಬೆಲೆಯೆಂದು ವಿಚಾರಿಸಿ, ಎಲ್ಲರೂ ಹಿಂದಿನ ಬೆಲೆಯನ್ನೇ ಹೇಳಿದ್ದರಿಂದ ‘ನಿವೇಶನಗಳ ಬೆಲೆ ಸ್ಥಿರ’ ಎಂಬ ತಲೆಬರಹವನ್ನಿತ್ತು ನಾನು ನಿಶ್ಚಿಂತನಾಗಿ ಮನೆಗೆ ಹೋದೆನು. ಹಾಗೆಯೇ ಬರೆಯಬೇಕೆಂದು ಯಾರೂ ಒತ್ತಾಯಿಸಿರಲಿಲ್ಲ. ಒತ್ತಾಯದ ಆವಶ್ಯಕತೆಯೇ ಇರಲಿಲ್ಲವೆಂಬುದು ಇಂದಿಗೂ ನನ್ನನ್ನು ಬಾಧಿಸುತ್ತದೆ.

ಎರಡು ತಿಂಗಳು ಕಳೆದ ಮೇಲೆ, ನಿವೃತ್ತ ಉಪಾಧ್ಯಾಯರೊಬ್ಬರು ಆ ವರದಿಯ ತುಣುಕನ್ನು ಜೇಬಿನಲ್ಲಿ ಮಡಿಸಿಟ್ಟುಕೊಂಡು ಕಚೇರಿಗೆ ಬಂದರು. ಮಗಳ ಮದುವೆಯ ವೆಚ್ಚಕ್ಕಾಗಿ ಇದ್ದೊಂದು ಸೈಟನ್ನು ಮಾರಹೊರಟಿದ್ದ ಅವರು, ಬಂದ ಒಬ್ಬ ಗಿರಾಕಿ ತುಸು ಕಡಿಮೆಗೆ ಕೇಳಿದಾಗ, ನನ್ನ ಬರಹವನ್ನು ನಂಬಿ ಅವನನ್ನು ಹಿಂದಿರುಗಿಸಿದ್ದರು. “ಬೆಲೆ ಹಾಗೇ ಇದೆ ಅಂತ ನೀವೇ ಬರೆದಿದ್ದಿರಲ್ಲಪ್ಪಾ, ಹಾಗಾದರೆ ಕೊಳ್ಳೋರು ಎಲ್ಲಿ ಹೋದರು?” ಎಂದರು. ಆ ಧ್ವನಿಯಲ್ಲಿ ಕೋಪವಿರಲಿಲ್ಲ.

ಮರುದಿನವೇ ನಾನು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋದೆನು. ಮೊದಲೇ ಹೋಗಬೇಕಾಗಿದ್ದ ಸ್ಥಳವದು. ಬೆಳಗಿನಿಂದ ಸಂಜೆಯವರೆಗೆ ಬಿಡುವಿಲ್ಲದಿರುತ್ತಿದ್ದ ಪತ್ರಬರಹಗಾರರು ಬರಿಗೈಯಲ್ಲಿ ಕುಳಿತಿದ್ದರು. ಅವರಲ್ಲಿ ಹಿರಿಯರೊಬ್ಬರು ತಿಳಿಯಹೇಳಿದ ಮೇಲೆಯೇ, ಅರ್ಧ ಚೆಕ್ಕಿನಲ್ಲಿಯೂ ಅರ್ಧ ನಗದಿನಲ್ಲಿಯೂ ನಡೆಯುತ್ತಿದ್ದ ವ್ಯವಹಾರದಲ್ಲಿ ನಗದು ಬತ್ತಿದೊಡನೆ ಮೊದಲು ಕುಸಿಯುವುದು ಕ್ರಯಪತ್ರಗಳ ಸಂಖ್ಯೆಯೇ ಹೊರತು ಬಾಯಿಮಾತಿನ ಬೆಲೆಯಲ್ಲವೆಂಬುದೂ, ಸರ್ಕಾರವು ಗೊತ್ತುಪಡಿಸಿದ ಮಾರ್ಗಸೂಚಿ ಬೆಲೆಗಿಂತ ಕಡಿಮೆಗೆ ಕೊಂಡರೂ ಮುದ್ರಾಂಕ ಶುಲ್ಕವನ್ನು ಆ ಬೆಲೆಯ ಮೇಲೆಯೇ ತೆರಬೇಕಾದುದರಿಂದ ದಸ್ತಾವೇಜಿನಲ್ಲಿಯೂ ಇಳಿತವು ಸುಲಭವಾಗಿ ಕಾಣದೆಂಬುದೂ ನನಗೆ ಮನದಟ್ಟಾದವು. ಬಡಾವಣೆಯ ಮಾಲೀಕನಾದರೋ ಬೆಲೆಯನ್ನು ಬಹಿರಂಗವಾಗಿ ಇಳಿಸಲಾರನು. ಇಳಿಸಿದರೆ ಮುಂಗಡ ಕೊಟ್ಟ ಹಿಂದಿನವರೆಲ್ಲ ಬಂದು ಬಾಗಿಲಲ್ಲಿ ನಿಲ್ಲುವರು.

ಕಚೇರಿಗೆ ಮರಳಿ ನನ್ನ ವರದಿ ಬಂದಿದ್ದ ಸಂಚಿಕೆಯನ್ನು ತೆರೆದೆನು. ಅದರ ಕಡೆಯ ಪುಟವನ್ನೆಲ್ಲ ವ್ಯಾಪಿಸಿದ್ದ ಜಾಹೀರಾತು ನಾನು ಕಂಡಿದ್ದ ಆ ನಾಲ್ವರು ಮಾಲೀಕರಲ್ಲಿ ಒಬ್ಬರದು. ‘ನೋಂದಣಿ ವೆಚ್ಚ ನಮ್ಮದೇ’ ಎಂದು ಅದರಲ್ಲಿ ದಪ್ಪಕ್ಷರಗಳಲ್ಲಿ ಅಚ್ಚಾಗಿತ್ತು. ಮುದ್ರಾಂಕ ಶುಲ್ಕ, ಉಪಕರ, ನೋಂದಣಿ ಶುಲ್ಕಗಳು ಕೂಡಿ ಶೇಕಡಾ 6ಕ್ಕೂ ಮಿಕ್ಕಿದ್ದ ಕಾಲದಲ್ಲಿ ಆ ಸಾಲಿಗೆ ಬೆಲೆ ಇಳಿದಿದೆಯೆಂಬುದಲ್ಲದೆ ಬೇರೆ ಅರ್ಥವಿರಲಿಲ್ಲ. ನನ್ನ ಸುದ್ದಿ ಮರೆಮಾಚಿದ್ದನ್ನು ಜಾಹೀರಾತೇ ಹೇಳಿಬಿಟ್ಟಿತ್ತು.

ಅಂದಿನಿಂದ, ಹಿಂದಿನ ವರ್ಷದ ಅದೇ ತಿಂಗಳಿನ ನೋಂದಣಿಗಳನ್ನು ಎಣಿಸಿ ಹೋಲಿಸದೆ ಈ ವಿಷಯವನ್ನು ನಾನು ಬರೆದವನಲ್ಲ. ಉಪಾಧ್ಯಾಯರ ಸೈಟು, ಮೊದಲ ಗಿರಾಕಿ ಕೇಳಿದ್ದಕ್ಕಿಂತಲೂ ಕಡಿಮೆಗೆ, ಮುಂದಿನ ಶ್ರಾವಣದಲ್ಲಿ ಮಾರಾಟವಾಯಿತು. ಅವರ ಕೋರಿಕೆಯಂತೆ ಕ್ರಯಪತ್ರಕ್ಕೆ ಸಾಕ್ಷಿಯಾಗಿ ನಾನು ರುಜು ಹಾಕಿದೆನು.