ಓಡುವ ಮುನ್ನ ದಾರಿಯನ್ನು ಅರಿಯಿರಿ



ನಮ್ಮ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಯ ಹಳ್ಳಿಗಳಲ್ಲಿ ಕೋಳಿ ಕೂಗುವ ಹೊತ್ತಿಗೆ ಇನ್ನೊಂದು ಸದ್ದೂ ಕೇಳಿಬರುತ್ತದೆ. ಅದು ಓಡುವ ಮಕ್ಕಳ ಹೆಜ್ಜೆಯ ಸದ್ದು. ಕೆಲವರು ಆರೋಗ್ಯಕ್ಕಾಗಿ ಓಡುತ್ತಾರೆ. ಆದರೆ ಹೆಚ್ಚಿನವರ ಕಣ್ಣು ಸೈನ್ಯದ ಅಥವಾ ಪೊಲೀಸ್ ಇಲಾಖೆಯ ಕೆಲಸದ ಮೇಲಿರುತ್ತದೆ. ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ, ಮಹಿಳೆಯರು 400 ಮೀಟರನ್ನು 2 ನಿಮಿಷದೊಳಗೆ ಓಡಬೇಕೆಂಬ ನಿಯಮವಿದೆ. ಎರಡು ಎಕರೆ ರಾಗಿ ಹೊಲವನ್ನೇ ನಂಬಿದ ಮನೆಗೆ ಈ ಕೆಲವು ನಿಮಿಷಗಳು ಬದುಕಿನ ಪ್ರಶ್ನೆಯೇ ಆಗಿರುತ್ತವೆ.

ಮಗ ಬೇಗ ಏಳುತ್ತಾನೆಂದು ತಂದೆತಾಯಿ ಸಂತೋಷಪಡುತ್ತಾರೆ. ಆದರೆ ಅವನು ಎಲ್ಲಿ ಓಡುತ್ತಾನೆ ಎಂದು ವಿಚಾರಿಸುವವರು ಎಷ್ಟು ಮಂದಿ? ಗುರಿ ಒಳ್ಳೆಯದಾದರೆ ಸಾಲದು, ಅದನ್ನು ಮುಟ್ಟುವ ದಾರಿಯೂ ಒಳ್ಳೆಯದಾಗಿರಬೇಕು. ಹಾಗೆ ದಾರಿಯನ್ನು ಆರಿಸುವ ಬುದ್ಧಿಗೆ ವಿವೇಕವೆಂದು ಹೆಸರು. ವಿವೇಕವನ್ನು ನಮ್ಮ ಧರ್ಮಸಭೆ ಸದ್ಗುಣಗಳ ಸಾರಥಿ ಎಂದು ಕರೆಯುತ್ತದೆ. ಓಟದ ವಿಷಯದಲ್ಲಿ ಈ ಮಾತು ಅಕ್ಷರಶಃ ನಿಜ.

ಹೆದ್ದಾರಿ ಓಟದ ದಾರಿಯಲ್ಲ

ಹಾಸನದಿಂದ ಹೊಳೆನರಸೀಪುರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 373 ಮೊಸಳೆಹೊಸಹಳ್ಳಿಯ ಮೂಲಕ ಹಾಯುತ್ತದೆ. 2025ರ ಸೆಪ್ಟೆಂಬರ್ 12ರ ರಾತ್ರಿ ಅಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಯ ಮೇಲೆ ಲಾರಿಯೊಂದು ನುಗ್ಗಿದ್ದನ್ನು ಈ ಜಿಲ್ಲೆ ಮರೆಯಲಾರದು. ಸತ್ತವರಲ್ಲಿ ಹೆಚ್ಚಿನವರು ಎಳೆಯ ವಯಸ್ಸಿನವರು, ಓದುತ್ತಿದ್ದವರು. ಅವರು ಓಡಲು ಬಂದವರಲ್ಲ, ಹಬ್ಬಕ್ಕೆ ಸೇರಿದವರು. ಆದರೂ ಆ ದುಃಖ ನಮಗೊಂದು ಪಾಠ ಹೇಳುತ್ತದೆ. ದೀಪ, ವಾದ್ಯ, ಜನಸಂದಣಿ ಇದ್ದಲ್ಲಿಯೇ ಹೀಗಾದರೆ, ನಸುಕಿನ ಕತ್ತಲಲ್ಲಿ ಕಪ್ಪು ಬನಿಯನ್ ತೊಟ್ಟು ಒಬ್ಬನೇ ಓಡುವ ಹುಡುಗನ ಗತಿಯೇನು?

ಲೆಕ್ಕ ಹಾಕಿ ನೋಡಿ. ಗಂಟೆಗೆ 60 ಕಿಲೋಮೀಟರ್ ವೇಗದ ಲಾರಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಚಾಲಕನು ಹುಡುಗನನ್ನು ಕಂಡು ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲಿಯೇ ಅಷ್ಟು ದೂರ ಕಳೆದಿರುತ್ತದೆ. ಗಾಡಿ ನಿಲ್ಲಲು ಬೇಕಾದ ದೂರ ಆಮೇಲಿನ ಮಾತು. ರಾತ್ರಿಯಿಡೀ ಗಾಡಿ ಓಡಿಸಿದ ಚಾಲಕನಿಗೆ ನಸುಕಿನ ಹೊತ್ತೇ ತೂಕಡಿಕೆಯ ಹೊತ್ತು ಎಂಬುದನ್ನೂ ನೆನಪಿಡಿ.

ಹಾಗಾದರೆ ಎಲ್ಲಿ ಓಡಬೇಕು?

ಹೆದ್ದಾರಿ ಬಿಟ್ಟು ಒಳಕ್ಕೆ ತಿರುಗಿದರೆ ನಮ್ಮ ಸೀಮೆ ದಾರಿಗಳಿಗೆ ಬಡವಲ್ಲ. ಹಳ್ಳಿಯಿಂದ ಹಳ್ಳಿಗೆ ಹೋಗುವ ಕೂಡುರಸ್ತೆ, ಹೊಲಗಳ ನಡುವಿನ ಬಂಡಿದಾರಿ, ಗುಂಡುತೋಪಿನ ಮಗ್ಗುಲು, ಶಾಲೆಯ ಬಯಲು, ಎಲ್ಲವೂ ಇವೆ. ಮೊಸಳೆ ಗ್ರಾಮವನ್ನೇ ತೆಗೆದುಕೊಳ್ಳಿ. ಅಲ್ಲಿ ಹೊಯ್ಸಳರ ಕಾಲದ, ಸುಮಾರು 1200ರ ಹೊತ್ತಿನ ಎರಡು ಗುಡಿಗಳು ಅವಳಿ ಮಕ್ಕಳಂತೆ ಅಕ್ಕಪಕ್ಕದಲ್ಲಿ ನಿಂತಿವೆ. ಒಂದು ನಾಗೇಶ್ವರನದು, ಇನ್ನೊಂದು ಚೆನ್ನಕೇಶವನದು. ಇಂಥ ಊರಿನ ಸುತ್ತಲಿನ ದಾರಿಯಲ್ಲಿ ಓಡುವವನಿಗೆ ಹಾರ್ನಿನ ಸದ್ದಿಲ್ಲ, ಹೊಗೆಯಿಲ್ಲ. ತನ್ನ ಉಸಿರು ತನಗೇ ಕೇಳಿಸುತ್ತದೆ.

ಹಳ್ಳಿಯ ಮಣ್ಣುದಾರಿ ಎಷ್ಟು ದೂರ ಕೊಂಡೊಯ್ಯಬಲ್ಲದು ಎಂಬುದಕ್ಕೆ ಕೆನ್ಯಾ ದೇಶದ ಇಟೆನ್ ಎಂಬ ಊರು ಸಾಕ್ಷಿ. ಸಮುದ್ರಮಟ್ಟದಿಂದ ಸುಮಾರು 2400 ಮೀಟರ್ ಎತ್ತರದಲ್ಲಿರುವ ಆ ಊರಿನ ಸಂತ ಪ್ಯಾಟ್ರಿಕರ ಪ್ರೌಢಶಾಲೆಗೆ 1976ರಲ್ಲಿ ಐರ್ಲೆಂಡಿನಿಂದ ಕೋಮ್ ಓಕಾನೆಲ್ ಎಂಬ ಧಾರ್ಮಿಕ ಸಹೋದರರು ಭೂಗೋಳದ ಶಿಕ್ಷಕರಾಗಿ ಬಂದರು. ಕ್ರೀಡಾ ತರಬೇತಿಯ ಶಿಕ್ಷಣ ಅವರಿಗಿರಲಿಲ್ಲ. ಮಕ್ಕಳನ್ನು ಗಮನಿಸುತ್ತಾ, ಅವರೊಡನೆಯೇ ಕಲಿಯುತ್ತಾ ಅವರು ತರಬೇತುದಾರರಾದರು. ಅವರು ಬೆಳೆಸಿದ ಡೇವಿಡ್ ರುಡಿಶಾ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 800 ಮೀಟರನ್ನು 1 ನಿಮಿಷ 40.91 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದರು. ಮಕ್ಕಳಿಗೆ ಬೇಕಾದದ್ದು ಮೊದಲು ಒಂದು ದಾರಿ, ಆಮೇಲೆ ಆ ದಾರಿಯ ಪಕ್ಕದಲ್ಲಿ ನಿಂತು ನೋಡುವ ಒಬ್ಬ ಹಿರಿಯ.

ದಾರಿಯನ್ನು ಗೊತ್ತುಮಾಡುವ ಕ್ರಮ

ಒಂದು: ಹಗಲಿನಲ್ಲಿ ನಡೆದು ನೋಡಿ. ಮಗ ಅಥವಾ ಮಗಳು ಓಡುವ ದಾರಿಯನ್ನು ಭಾನುವಾರ ಪೂಜೆ ಮುಗಿದ ಮೇಲೆ ಮನೆಮಂದಿ ಒಟ್ಟಾಗಿ ಒಮ್ಮೆ ನಡೆಯಿರಿ. ಗಾಲಿ ಜಾಡಿನ ಗುಂಡಿ, ತೆರೆದ ಬಾವಿ, ತಂತಿಬೇಲಿ, ಕುರುಡು ತಿರುವು ಎಲ್ಲಿವೆ ಎಂದು ಗುರುತು ಮಾಡಿಕೊಳ್ಳಿ. ಹೇಮಾವತಿ ನಾಲೆಯ ಏರಿ ನೋಡಲು ಸಮತಟ್ಟಾಗಿರುತ್ತದೆ. ಆದರೆ ಮಳೆ ಬಿದ್ದಾಗ ಅಲ್ಲಿ ಕಾಲು ಜಾರಿದರೆ ಹರಿಯುವ ನೀರಿನಿಂದ ಮೇಲೆ ಬರುವುದು ಕಷ್ಟ.

ಎರಡು: ದೂರವನ್ನು ಅಳೆಯಿರಿ. ಸೈಕಲ್ ಚಕ್ರಕ್ಕೆ ಸುಣ್ಣದ ಗುರುತು ಹಾಕಿ, ಒಂದು ಸುತ್ತಿಗೆ ಎಷ್ಟು ದೂರವೆಂದು ಟೇಪಿನಿಂದ ಅಳೆದುಕೊಂಡರೆ ಉಳಿದದ್ದು ಗುಣಾಕಾರ. 800 ಮೀಟರ್ ಹೋಗಿ ಬಂದರೆ 1600 ಆಯಿತು. ಆರೂವರೆ ನಿಮಿಷದ ಗುರಿಗೆ ಪ್ರತಿ 400 ಮೀಟರಿಗೆ 97 ಸೆಕೆಂಡು ಸಿಗುತ್ತದೆ. ಅಷ್ಟಕ್ಕೆ ಹೆದ್ದಾರಿಯ ಮೈಲಿಗಲ್ಲುಗಳೇ ಬೇಕೆಂದಿಲ್ಲ.

ಮೂರು: ಬೆಳಕಿಗೆ ಕಾಯಿರಿ. ನಮ್ಮಲ್ಲಿ ಜೂನ್ ತಿಂಗಳಲ್ಲಿ ಸೂರ್ಯ ಆರರ ಸುಮಾರಿಗೆ ಹುಟ್ಟಿದರೆ, ಜನವರಿಯಲ್ಲಿ ಆರೂಮುಕ್ಕಾಲು ಆಗುತ್ತದೆ. ಜೊತೆಗೆ ಮಂಜು ಬೇರೆ. ಗಡಿಯಾರದ ಐದು ಗಂಟೆ ಒಂದೇ ಆದರೂ ದಾರಿಯ ಕತ್ತಲು ಒಂದೇ ಅಲ್ಲ. ಬಿಳಿ ಅಥವಾ ಹಳದಿ ಬಟ್ಟೆ ತೊಡಲಿ. ವಾಹನ ಬರುವ ರಸ್ತೆಯಾದರೆ ಬಲಬದಿಯಲ್ಲಿ, ಎದುರಿನ ಗಾಡಿ ಕಾಣುವಂತೆ ಓಡಲಿ. ಕಿವಿಗೆ ಹಾಡು ತುಂಬಿಕೊಳ್ಳದಿರಲಿ.

ನಾಲ್ಕು: ನಾಯಿ ಬೆನ್ನಟ್ಟಿದರೆ ಓಡಬಾರದು. ನಿಂತು, ಮೆಲ್ಲನೆ ನಡೆದು ದಾಟಬೇಕು. ಕಚ್ಚಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಬೇಕು. ಗಾಯ ಸಣ್ಣದೆಂದು ಅರಿಶಿನ ಮೆತ್ತಿ ಕೂರಬೇಡಿ. ಹುಚ್ಚುನಾಯಿ ರೋಗದ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುವುದು ಬಹು ಅಪರೂಪ.

ಐದು: ನೋಡಲು ಚೆಂದವಾದ ಜಾಗವೆಲ್ಲ ಓಡುವ ಜಾಗವಲ್ಲ. ಗೊರೂರಿನ ಹಿನ್ನೀರಿನಲ್ಲಿ ಮಳೆಗಾಲದಲ್ಲಿ ಅರೆಮುಳುಗಿ ನಿಲ್ಲುವ ಶೆಟ್ಟಿಹಳ್ಳಿಯ ಹಳೆಯ ಚರ್ಚನ್ನು ನೋಡಲು ಅನೇಕರು ಹೋಗುತ್ತಾರೆ. ಅದರ ಗೋಡೆಗಳು ಕುಸಿಯುತ್ತಾ ಬಂದಿವೆ, ನೀರು ಇಳಿದ ಮೇಲೂ ಕೆಸರು ಮೋಸ ಮಾಡುತ್ತದೆ. ದೂರದಿಂದ ನೋಡಿ ನಮಿಸಿದರೆ ಸಾಕು.

ದಾರಿ ಯಾರದು?

ಹಳ್ಳಿಯ ದಾರಿ ನಿರ್ಜನವಾಗಿ ಕಂಡರೂ ಯಾರದೂ ಅಲ್ಲದ ದಾರಿಯಲ್ಲ. ಡೈರಿಗೆ ಹಾಲು ಹೊತ್ತು ಹೋಗುವ ತಾಯಿ, ದನ ಹೊಡೆದುಕೊಂಡು ಹೋಗುವ ಅಜ್ಜ, ಸುಗ್ಗಿಯಲ್ಲಿ ರಸ್ತೆಯ ಮೇಲೆ ರಾಗಿ, ಹುರುಳಿ ಹರಡಿದ ರೈತ, ಇವರೆಲ್ಲರೂ ಆ ದಾರಿಗೆ ನಿಮಗಿಂತ ಹಳಬರು. ಹರಡಿದ ಕಾಳನ್ನು ತುಳಿಯದೆ ಬಳಸಿಕೊಂಡು ಹೋಗಿ. ದನ ಎದುರಾದರೆ ನಡೆಯಿರಿ. "ಯಾವೂರಪ್ಪಾ, ಯಾರ ಮಗ?" ಎಂದು ಕೇಳಿದರೆ ನಿಂತು ಉತ್ತರ ಹೇಳಿ. ಆ ಪ್ರಶ್ನೆ ಅಡ್ಡಿಯಲ್ಲ, ಅದು ಕಾವಲು. ಬಿದ್ದಾಗ ಎತ್ತಿ ಮನೆಗೆ ಸುದ್ದಿ ಮುಟ್ಟಿಸುವವರು ಅವರೇ.

ಈ ಮಾತು ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಮುಖ್ಯ. ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದ ಮಗಳಿಗೆ "ಕತ್ತಲಲ್ಲಿ ಹೊರಗೆ ಬೇಡ" ಎನ್ನುತ್ತೇವೆ. ತಂದೆತಾಯಿಯ ಆ ಭಯ ಸುಳ್ಳಲ್ಲ. ಆದರೆ ಬೇಡ ಎಂದಷ್ಟೇ ಹೇಳಿ ಸುಮ್ಮನಾದರೆ ಅವಳು ಓಡದೆಯೇ ಸೋಲುತ್ತಾಳೆ. ಬೆಳಕು ಹರಿದ ಮೇಲೆ, ಮೂರ್ನಾಲ್ಕು ಹುಡುಗಿಯರು ಜೊತೆಗೂಡಿ, ಊರಿನ ಕಣ್ಣಿಗೆ ಕಾಣುವ ಶಾಲೆಯ ಬಯಲಿನಲ್ಲಿ ಓಡಲಿ. ತಂದೆಯೋ ಅಣ್ಣನೋ ವಾಚು ಹಿಡಿದು ನಿಲ್ಲಲಿ. ಮಗನಿಗೆ ಶೂ ಕೊಡಿಸುವ ಮನೆ ಮಗಳಿಗೂ ಕೊಡಿಸಲಿ.

ಕುಟುಂಬದಲ್ಲಿ ಚರ್ಚಿಸಿರಿ

1. ನಮ್ಮ ಮಕ್ಕಳು ಓಡುವ ಅಥವಾ ನಡೆಯುವ ದಾರಿಯನ್ನು ನಾವು ಕಣ್ಣಾರೆ ನೋಡಿದ್ದೇವೆಯೇ?

2. ನಮ್ಮೂರಿನಲ್ಲಿ ಹೆದ್ದಾರಿಯನ್ನು ಮುಟ್ಟದೆ 1600 ಮೀಟರ್ ಸಿಗುವ ದಾರಿ ಯಾವುದು?

3. ಆ ದಾರಿಯಲ್ಲಿ ಮನೆಯಿರುವ, ಮಕ್ಕಳ ಮೇಲೆ ಕಣ್ಣಿಡಬಲ್ಲ ಹಿರಿಯರು ಯಾರು? ಅವರಿಗೆ ನಮ್ಮ ಮಕ್ಕಳ ಪರಿಚಯ ಮಾಡಿಕೊಟ್ಟಿದ್ದೇವೆಯೇ?

4. ನಮ್ಮ ಮನೆಯ ಮಗಳು ಓಡಬೇಕೆಂದರೆ ಅವಳೊಡನೆ ಹೊರಡುವವರು ಯಾರು?

ಬರುವ ಭಾನುವಾರ ಮಧ್ಯಾಹ್ನದ ಒಂದು ಗಂಟೆಯನ್ನು ಇದಕ್ಕೆ ಮೀಸಲಿಡಿ. ಸೈಕಲ್, ಟೇಪು, ಸುಣ್ಣದ ತುಂಡು ಇದ್ದರೆ ಸಾಕು.