ಸ್ತೋತ್ರ ಹೇಳಲು ಬಾಯಿ ಬರುತ್ತಿಲ್ಲ

ಪ್ರಶ್ನೆ: ನಾನು ಬೆಟಗೇರಿಯವಳು, ವಯಸ್ಸು 46. ಎಂಟು ತಿಂಗಳ ಹಿಂದೆ ಯಜಮಾನರಿಗೆ ಲಕ್ವ ಹೊಡೆದು ಬಲಗೈ, ಬಲಗಾಲಿನ ಜೊತೆ ಮಾತೂ ಹೋಯಿತು. ನಾವು ಹೇಳಿದ್ದು ತಿಳಿಯುತ್ತದೆ, ಉತ್ತರ ಕೊಡಲಾಗುವುದಿಲ್ಲ. ಪ್ರತಿ ಶುಕ್ರವಾರ ನಮ್ಮ ಓಣಿಯಲ್ಲಿ ಪ್ರಾರ್ಥನಾ ಕೂಟ. ಮೊದಲ ಹತ್ತು ನಿಮಿಷ ಯಾರೂ ಏನನ್ನೂ ಬೇಡುವಂತಿಲ್ಲ, ಬರೀ ಸ್ತೋತ್ರ. ಎಲ್ಲರೂ ಗಟ್ಟಿಯಾಗಿ ಸ್ತುತಿಸುವಾಗ ನಾನು ಸುಮ್ಮನೆ ತುಟಿ ಆಡಿಸುತ್ತೇನೆ. ಕೂಟ ನಡೆಸುವ ಹಿರಿಯರೊಬ್ಬರು, 'ನಿಮ್ಮಲ್ಲಿ ಸ್ತುತಿ ಕಡಿಮೆ, ಅದಕ್ಕೇ ಅವರಿಗೆ ಗುಣವಾಗುತ್ತಿಲ್ಲ' ಅಂದರು. ಆವತ್ತಿನಿಂದ ಮನೆಯಲ್ಲಿ ಪ್ರಾರ್ಥಿಸಲೂ ಹೆದರಿಕೆ. ನಡುರಾತ್ರಿ ಎಚ್ಚರವಾದರೆ ಬೆಳಗಿನವರೆಗೂ ನಿದ್ದೆಯಿಲ್ಲ, 'ತಂದೆಯೇ, ಯಾಕೆ?' ಎಂದು ಅಳುತ್ತೇನೆ, ಅಷ್ಟೇ. ನಾನು ಕಪಟಿಯೇ?

ಉತ್ತರ: ಸಹೋದರಿ, ಮೊದಲು ಆ ಹಿರಿಯರ ಮಾತು. ಅದು ತಪ್ಪು, ಮೇಲಾಗಿ ಕ್ರೂರ. ಮಿದುಳಿಗೆ ಹೋಗುವ ರಕ್ತ ಕಟ್ಟಿಕೊಂಡರೆ ಅಥವಾ ಅಲ್ಲಿನ ನಾಳ ಒಡೆದರೆ ಲಕ್ವ ಹೊಡೆಯುತ್ತದೆ. ಹೆಂಡತಿಯ ಸ್ತೋತ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ಯೋಹಾನನ ಸುವಾರ್ತೆಯ 9ನೇ ಅಧ್ಯಾಯ ತೆಗೆದು ನೋಡಿ. ಹುಟ್ಟುಕುರುಡನನ್ನು ಕಂಡ ಶಿಷ್ಯರು, ಇದು ಇವನ ಪಾಪವೋ ಹೆತ್ತವರ ಪಾಪವೋ ಎಂದು ವಿಚಾರಿಸುತ್ತಾರೆ. ಯೇಸು ಎರಡನ್ನೂ ಒಪ್ಪುವುದಿಲ್ಲ. ಯೋಬನ ಗೆಳೆಯರೂ ಇದೇ ಲೆಕ್ಕ ಹಾಕಿದ್ದರು. ಕೊನೆಗೆ ದೇವರು ಸಿಟ್ಟಾದದ್ದು ಅವರ ಮೇಲೆ. ಹುಟ್ಟಿದ ದಿನವನ್ನೇ ಶಪಿಸಿ ಗೋಳಾಡಿದ ಯೋಬನಿಗೆ, ಆ ಗೆಳೆಯರಿಗಾಗಿ ಪ್ರಾರ್ಥಿಸುವ ಕೆಲಸ ಸಿಕ್ಕಿತು.

ಸಾಹೇಬರನ್ನು ನಾಲ್ಕು ಮಾತು ಹೊಗಳಿ ಫೈಲು ಮುಂದೆ ಸರಿಸಿಕೊಳ್ಳುವ ಹಾಗೆ ದೇವರನ್ನು ಸ್ತುತಿಸುವ ಅಭ್ಯಾಸ ನಮ್ಮ ಕೂಟಗಳಲ್ಲಿ ಹೆಚ್ಚುತ್ತಿದೆ ಎಂದು ನನ್ನ ಅನಿಸಿಕೆ. 50ನೇ ಕೀರ್ತನೆಯಲ್ಲಿ ದೇವರು ತನಗೆ ಹೋರಿ, ಹೋತಗಳ ಹಸಿವಿಲ್ಲವೆಂದು ನೇರವಾಗಿಯೇ ಹೇಳುತ್ತಾನೆ. ಹೊಗಳಿಕೆಯ ಹಸಿವು ಮಾತ್ರ ಇದ್ದೀತೇ? ಇದೇ ಸಂದೇಹ ಕ್ರೈಸ್ತ ಲೇಖಕ ಸಿ.ಎಸ್. ಲೂಯಿಸ್ ಅವರನ್ನೂ ಕಾಡಿತ್ತು. ಹೊಸದಾಗಿ ನಂಬಿಕೆಗೆ ಬಂದಾಗ, ದೇವರು ತನ್ನನ್ನು ಹೊಗಳಿಸಿಕೊಳ್ಳುವುದೇಕೆ ಎಂದು ಕಿರಿಕಿರಿಯಾಗುತ್ತಿತ್ತೆಂದು 1958ರಲ್ಲಿ ಕೀರ್ತನೆಗಳ ಬಗ್ಗೆ ಬರೆದ ಪುಸ್ತಕದಲ್ಲಿ ಹೇಳಿಕೊಂಡಿದ್ದಾರೆ. ಮನುಷ್ಯ ತನಗೆ ಹಿಡಿಸಿದ್ದನ್ನು ಯಾರೂ ಹೇಳದಿದ್ದರೂ ಹೊಗಳುತ್ತಾನೆ, ಹೊಗಳಿದಾಗಲೇ ಸಂತೋಷ ಪೂರ್ತಿಯಾಗುತ್ತದೆ ಎಂಬುದು ಅವರು ಕಂಡುಕೊಂಡ ಉತ್ತರ. ಒಳ್ಳೆಯ ಉತ್ತರವೇ. ಆದರೆ ಸಂತೋಷವೇ ಬತ್ತಿಹೋದವರಿಗೆ ಅದರಿಂದ ಏನು ಸಿಗುತ್ತದೆ? ನಿಮಗೆ ಲೂಯಿಸ್‌ಗಿಂತ ಕೀರ್ತನೆಕಾರರೇ ಹತ್ತಿರ.

150 ಕೀರ್ತನೆಗಳಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ದುಃಖದ ಮೊರೆಗಳೇ. 13ನೆಯದು ಆರೇ ವಚನ. ಎಷ್ಟು ಕಾಲ ಹೀಗೆ ಎಂದು ನಾಲ್ಕು ಸಲ ಕೇಳಿ, ಕಡೆಗೆ ಹಾಡಿಗೆ ತಿರುಗುತ್ತದೆ. 88ನೆಯದರಲ್ಲಿ ಅದೂ ಇಲ್ಲ. ಹಗಲಿರುಳು ಕೂಗಿಕೊಂಡವನು ಕತ್ತಲಲ್ಲೇ ಮಾತು ನಿಲ್ಲಿಸುತ್ತಾನೆ. ಇದರಲ್ಲಿ ಸ್ತುತಿ ಕಡಿಮೆ ಎಂದು ಯಾರೂ ಅದನ್ನು ಕಿತ್ತುಹಾಕಲಿಲ್ಲ, ಅದೂ ದೇವಜನರ ಹಾಡಿನ ಪುಸ್ತಕದಲ್ಲೇ ಉಳಿಯಿತು. ಅದರ ಮೊದಲ ವಚನ ಗಮನಿಸಿ: ದೂರು ಶುರು ಮಾಡುವ ಮೊದಲೇ ಅವನು ದೇವರನ್ನು ತನ್ನ ರಕ್ಷಕನೆಂದು ಕರೆದಿರುತ್ತಾನೆ. ಇಡೀ ಕೀರ್ತನೆಯಲ್ಲಿರುವ ಸ್ತುತಿ ಅಷ್ಟೇ. ನೀವು ರಾತ್ರಿ 'ತಂದೆಯೇ' ಎಂದು ಕರೆದು ಆಮೇಲೆ ಅಳುತ್ತೀರಲ್ಲ, ಅದೂ ಅದೇ. ಆತನಿದ್ದಾನೆ, ಕೇಳಿಸಿಕೊಳ್ಳುತ್ತಾನೆ, ನಿಮಗೆ ತಂದೆಯಾಗಬೇಕು ಎಂದು ಒಪ್ಪಿಕೊಂಡೇ ನೀವು ಜಗಳಕ್ಕೆ ನಿಂತಿದ್ದೀರಿ.

ಕಪಟಿಗಳೆಂದು ಯೇಸು ಬೈದದ್ದು ಜನ ನೋಡಲಿ ಎಂದು ಬೀದಿಯ ಮೂಲೆಯಲ್ಲಿ ನಿಂತು ಪ್ರಾರ್ಥಿಸುವವರನ್ನು. ಹಾಗಾಗಿ ತುಟಿ ಆಡಿಸುವುದನ್ನು ಮಾತ್ರ ಬಿಡಿ. ಅದು ಬೇರೆಯವರ ಕಣ್ಣಿಗಾಗಿ ಮಾಡುವ ಕೆಲಸ. ಆ ಹತ್ತು ನಿಮಿಷ ಸುಮ್ಮನೆ ಕೂತಿರಿ. ಪಕ್ಕದವರ ಸ್ತೋತ್ರ ನಿಮ್ಮ ಪಾಲಿಗೂ ಸಲ್ಲುತ್ತದೆ, ಸಭೆ ಅಂತ ಇರುವುದೇ ಅದಕ್ಕೆ. ಹಿರಿಯರು ಮತ್ತೆ ಅದೇ ಮಾತೆತ್ತಿದರೆ ನೀವು ವಾದಕ್ಕೆ ಇಳಿಯಬೇಡಿ, ಸಭಾಪಾಲಕರಿಗೆ ತಿಳಿಸಿ. ಅವರನ್ನು ತಿದ್ದುವುದು ಸಭಾಪಾಲಕರ ಹೊಣೆ.

ಮನೆಯಲ್ಲಿ 136ನೇ ಕೀರ್ತನೆಯನ್ನು ಇಟ್ಟುಕೊಳ್ಳಿ. 26 ವಚನಗಳಲ್ಲೂ ಎರಡನೆಯ ಅರ್ಧ ಒಂದೇ, ಕೃಪೆ ಶಾಶ್ವತ ಎಂಬ ಪಲ್ಲವಿ. ಮೊದಲ ಅರ್ಧದಲ್ಲಿ ಸೂರ್ಯ, ಚಂದ್ರ, ಇಬ್ಭಾಗವಾದ ಕೆಂಪು ಸಮುದ್ರ, ಕಡೆಗೆ ಎಲ್ಲ ಜೀವಿಗಳಿಗೂ ಸಿಗುವ ಆಹಾರ. ದಿನಕ್ಕೊಂದು ಮೊದಲರ್ಧ ನೀವೇ ಸೇರಿಸಿ. ಇವತ್ತು ಯಜಮಾನರು ಎಡಗೈಯಿಂದ ರೊಟ್ಟಿ ಮುರಿದರು ಎಂದಾದರೂ ಸರಿ. ಇದು ಸ್ತುತಿಯೋ ಕೃತಜ್ಞತೆಯೋ ಎಂಬ ತರ್ಕ ದೇವಜ್ಞಾನ ಕಾಲೇಜಿನವರಿಗಿರಲಿ. ಏನೂ ಹೊಳೆಯದ ದಿನ ಪಲ್ಲವಿಯನ್ನಷ್ಟೇ ಓದಿ. ಲಕ್ವ ಹೊಡೆದದ್ದಕ್ಕೇ ಸ್ತೋತ್ರ ಹೇಳಬೇಕೆಂದು ಯಾರಾದರೂ ಒತ್ತಾಯಿಸಿದರೆ ಕೇಳಬೇಡಿ.

ಇನ್ನೊಂದು ಸಂಗತಿ, ನಿಮ್ಮ ಯಜಮಾನರ ಮಾತಿನ ಬಗ್ಗೆ. ಮಾತನ್ನು ನಡೆಸುವ ಭಾಗ ಹೆಚ್ಚಿನವರಲ್ಲಿ ಮಿದುಳಿನ ಎಡಕ್ಕಿದೆ. ಅಲ್ಲಿ ಪೆಟ್ಟಾಗಿ ಮಾತು ನಿಂತವರಲ್ಲಿ ಕೆಲವರು, ಸ್ವಂತ ವಾಕ್ಯ ಕಟ್ಟಲಾಗದಿದ್ದರೂ, ಚಿಕ್ಕಂದಿನಿಂದ ಬಾಯಿಪಾಠವಾದ ಹಾಡು, ಪ್ರಾರ್ಥನೆಗಳನ್ನು ಜೊತೆಯಲ್ಲಿ ಹೇಳಬಲ್ಲರು. ಕರ್ತನ ಪ್ರಾರ್ಥನೆಯನ್ನೋ ಅವರಿಗೆ ಇಷ್ಟವಾದ ಸಂಗೀತವನ್ನೋ ಅವರ ಎದುರು ಕೂತು ನಿಧಾನವಾಗಿ ಹಾಡಿ ನೋಡಿ. ಬಂದೇ ಬರುತ್ತದೆಂದು ನಾನು ಭರವಸೆ ಕೊಡಲಾರೆ. ಒಂದೆರಡು ಪದ ಬಂದರೂ ಸ್ಪೀಚ್ ಥೆರಪಿಸ್ಟ್‌ಗೆ ಹೇಳಿ, ಹಾಡಿನ ಮೂಲಕವೇ ಮಾತು ಅಭ್ಯಾಸ ಮಾಡಿಸುವ ಚಿಕಿತ್ಸಾ ವಿಧಾನವಿದೆ.

ನಿಮ್ಮ ನಿದ್ದೆಯ ವಿಷಯವನ್ನು ಪ್ರಾರ್ಥನೆಗಷ್ಟೇ ಬಿಡಬೇಡಿ. ಎಂಟು ತಿಂಗಳಿಂದ ರೋಗಿಯ ಆರೈಕೆ ಮಾಡುತ್ತಿರುವವರಿಗೆ ಖಿನ್ನತೆ ಬರುವುದು ಅಪರೂಪವಲ್ಲ. ಒಳಗೆ ಏನೂ ಇಲ್ಲದಂತೆ ಅನಿಸುವುದು ಅದರ ಲಕ್ಷಣವೂ ಇರಬಹುದು. ಡಾಕ್ಟರನ್ನು ಕಾಣಿ. ಅದಕ್ಕೂ ಮೊದಲು ಯಾರ ಬಳಿಯಾದರೂ ಮಾತಾಡಬೇಕೆನಿಸಿದರೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ, ನಡುರಾತ್ರಿಯಲ್ಲೂ ಕರೆ ತೆಗೆದುಕೊಳ್ಳುತ್ತಾರೆ.