ಉಯ್ಯಾಲೆಯೂ ಚಿಕಿತ್ಸೆಯೇ?

ಐದು ವರ್ಷದ ಮಗನನ್ನು ಚಿಕಿತ್ಸಾ ಕೇಂದ್ರದಲ್ಲಿ ಬರಿದೇ ಆಡಿಸಿ ಕಳುಹಿಸುತ್ತಾರೆಂಬ ತಾಯಿಯ ಅಸಮಾಧಾನ ಸಹಜವಾದರೂ, ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ ಜೀನ್ ಏರ್ಸ್ ರೂಪಿಸಿದ ಸಂವೇದನಾ ಸಮನ್ವಯ ಚಿಕಿತ್ಸೆಯಲ್ಲಿ, ಅಂದರೆ ಇಂದ್ರಿಯಗಳು ತರುವ ಮಾಹಿತಿಯನ್ನು ಮಿದುಳು ಹೊಂದಿಸಿಕೊಳ್ಳಲು ನೆರವಾಗುವ ಉದ್ದೇಶದ ಕ್ರಮದಲ್ಲಿ, ಆಟವೇ ಮುಖ್ಯ ಸಾಧನವಾಗಿದೆ. ಉಯ್ಯಾಲೆಯು ಒಳಗಿವಿಯಲ್ಲಿರುವ ಸಮತೋಲನದ ಇಂದ್ರಿಯವನ್ನು ಪ್ರಚೋದಿಸಿದರೆ, ಹಗ್ಗ ಎಳೆಯುವುದು, ಭಾರದ ಚೀಲ ತಳ್ಳುವುದು ಮುಂತಾದವು ಸ್ನಾಯು ಮತ್ತು ಕೀಲುಗಳ ಮೂಲಕ ದೊರೆಯುವ ದೇಹಸ್ಥಿತಿಯ ಅರಿವಿಗೆ ಕೆಲಸ ಕೊಡುತ್ತವೆ. ಆದರೆ ಸಲಕರಣೆಗಳಿಗಿಂತ ಮುಖ್ಯವಾದುದು ಆಯ್ಕೆ ಮಗುವಿನದಾಗಿರುವುದು: ಮರಳೆಂದರೆ ಹೆದರುವ ಮಗುವಿನ ಕೈಹಿಡಿದು ಮರಳಿಗೆ ಒತ್ತಿದರೆ ಅದು ಆಟವೂ ಅಲ್ಲ, ಚಿಕಿತ್ಸೆಯೂ ಅಲ್ಲ, ಬದಲಿಗೆ ರಾಗಿ ತುಂಬಿದ ಬೋಗುಣಿಯಲ್ಲಿ ಅಡಗಿಸಿದ ಆಟಿಕೆಯನ್ನು (ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಮಗುವಾದರೆ ಇದು ಬೇಡ) ಚಮಚದಿಂದ ಹುಡುಕಲು ಬಿಟ್ಟಾಗ, ಚಮಚ ಬಿಟ್ಟು ಬೆರಳಿಳಿಸುವ ಹೊತ್ತನ್ನು ಮಗುವೇ ನಿರ್ಧರಿಸುತ್ತದೆ. ಈ ಚಿಕಿತ್ಸೆಯ ಪರಿಣಾಮದ ಕುರಿತ ಪುರಾವೆ ಸೀಮಿತವೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಹೇಳಿರುವುದರಿಂದ, ಅಂಗಿಯ ಗುಂಡಿ ತಾನೇ ಹಾಕಿಕೊಳ್ಳುವಂತಹ ನಿತ್ಯಜೀವನದ ಗುರಿಯೊಂದನ್ನು ಚಿಕಿತ್ಸಕರಿಂದ ಮೊದಲೇ ಬರೆಸಿಕೊಂಡು, ನಿಗದಿತ ಅವಧಿಯಲ್ಲಿ ಬದಲಾವಣೆ ಕಾಣದಿದ್ದರೆ ಕ್ರಮವನ್ನು ಮಾರ್ಪಡಿಸುವಂತೆ ಕೇಳುವುದು ತಾಯಿಗೆ ಉಚಿತ.